ಒಂಬತ್ತೂವರೆಗೆ ಏಳುವ ಪೆಟ್ಟಿಗೆ

ಹಳೆಯ ಕಂಪ್ಯೂಟರು, ಅದರೊಳಗೊಂದು ಟಿವಿ ಕಾರ್ಡು, ಮಾಳಿಗೆಯ ಮೇಲೊಂದು ಡಿಷ್, ಎಲ್ಲವನ್ನೂ ನಡೆಸಲು ಲಿನಕ್ಸ್. ಹೈದರಾಬಾದಿನ ಕಾಚಿಗುಡದಲ್ಲಿ ಒಂದು ಕನ್ನಡ ಮನೆ ತನ್ನ ಸಂಜೆಗಳನ್ನು ಕೂಡಿಟ್ಟುಕೊಂಡ ಕಥೆ.

ರಾತ್ರಿ 9 ಗಂಟೆ 25 ನಿಮಿಷಕ್ಕೆ ನಮ್ಮ ಪಡಸಾಲೆಯ ಮೂಲೆಯಲ್ಲಿ ಸಣ್ಣದೊಂದು ಸದ್ದಾಗುತ್ತದೆ. ಮೊದಲು ಫ್ಯಾನು ಗುರ್ರೆನ್ನುತ್ತದೆ, ಹಿಂದೆಯೇ ಹಾರ್ಡ್ ಡಿಸ್ಕು ಎರಡು ಸಲ ಕಟಕ್ ಕಟಕ್ ಅನ್ನುತ್ತದೆ, ನೀಲಿ ದೀಪ ಹತ್ತಿಕೊಳ್ಳುತ್ತದೆ. ಗುಂಡಿ ಒತ್ತಿದವರು ಯಾರೂ ಇಲ್ಲ. ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿರುವ ಅವ್ವ ತಲೆ ಎತ್ತದೆಯೇ ಹೇಳುತ್ತಾಳೆ: "ಎದ್ತು ನೋಡು."

ಐದು ನಿಮಿಷ ಬಿಟ್ಟು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಶುರುವಾಗುತ್ತದೆ. 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದಿರುವ, ಸರಿಯುತ್ತರ ಹೇಳಿದವರ ಕೈಗೆ ಕನ್ನಡ ಪುಸ್ತಕ ಕೊಡುವ ರಸಪ್ರಶ್ನೆ. ಅವ್ವ ಅದನ್ನು ಅದೇ ಹೊತ್ತಿಗೆ ನೋಡಿದರೂ ನೋಡಬಹುದು, ನಿದ್ದೆ ಬಂದರೆ ಮರುದಿನ ಬೆಳಗಿನ ಚಹಾದ ಜೊತೆಗೆ ನೋಡಬಹುದು. ಪೆಟ್ಟಿಗೆ ತನ್ನ ಪಾಡಿಗೆ ಅದನ್ನು ಬರೆದಿಟ್ಟು, ಕಾರ್ಯಕ್ರಮ ಮುಗಿದ ಮೇಲೆ ತಾನೇ ಮಲಗುತ್ತದೆ.

ಕರ್ನಾಟಕದೊಳಗೆ ಇರುವವರಿಗೆ ಇದರ ಬೆಲೆ ತಟ್ಟನೆ ಗೊತ್ತಾಗಲಿಕ್ಕಿಲ್ಲ. ಅಲ್ಲಿ ಕನ್ನಡ ವಾಹಿನಿ ನೀರಿನಂತೆ ಬರುತ್ತದೆ. ಹೈದರಾಬಾದಿನಲ್ಲಿ ಕನ್ನಡ ಹಳೆಯ ನಿವಾಸಿ. 1956ರ ನವೆಂಬರಿನವರೆಗೂ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಈ ಊರೇ ರಾಜಧಾನಿ. ಓದಲು, ವಕೀಲಿ ಮಾಡಲು, ನೌಕರಿ ಹಿಡಿಯಲು ಬಂದವರ ಮೊಮ್ಮಕ್ಕಳು ಇಂದಿಗೂ ಇಲ್ಲಿದ್ದಾರೆ. ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ಆದರೆ ಮನೆಯ ಟಿವಿಯಲ್ಲಿ ಕನ್ನಡ ಬರುವುದೋ ಇಲ್ಲವೋ ಎಂಬುದು ಬಹುಕಾಲ ಕೇಬಲ್‌ನವರ ಮನಸ್ಸಿಗೆ ಬಿಟ್ಟ ಮಾತಾಗಿತ್ತು. ಆ ಮಾತನ್ನು ನಮ್ಮ ಕೈಗೆ ತಂದುಕೊಂಡದ್ದು ಹೇಗೆ ಎಂಬುದೇ ಈ ಬರಹ.

ಕೋಳಿ ಜಾಲರಿಯ ಡಿಷ್

ಅವ್ವ ಮೊದಲ ಸಲ ಟಿವಿ ನೋಡಿದ್ದು ರಾಯಚೂರು ಜಿಲ್ಲೆಯ ತನ್ನ ತವರೂರಿನಲ್ಲಿ, 1975ರಲ್ಲಿ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ಮೊದಲು ನಂಬುವುದಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ತೆರೆದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮುಂಚೆ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಶಾಲೆಯ ಅಂಗಳದಲ್ಲೋ ಪಂಚಾಯ್ತಿ ಕಟ್ಟೆಯ ಮೇಲೋ ಕೂತು ಕನ್ನಡದ ಟಿವಿ ನೋಡುತ್ತಿದ್ದರು. ಅಮೆರಿಕದ ನಾಸಾ ಒಂದು ವರ್ಷದ ಮಟ್ಟಿಗೆ ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ 2400 ಹಳ್ಳಿಗಳು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ, ದಿನಕ್ಕೆ ಒಟ್ಟು ನಾಲ್ಕು ಗಂಟೆ.

ಡಿಷ್ ಎಂದರೆ ಕೋಳಿ ಗೂಡಿಗೆ ಹೊದಿಸುವ ತಂತಿ ಜಾಲರಿ, 3 ಮೀಟರ್ ಅಗಲ. ಮುಗಿಲಿನ ಉಪಗ್ರಹ 860 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ ಒಂದು ಚಿತ್ರದ ಜೊತೆ ಎರಡು ಧ್ವನಿ ಬರುತ್ತಿದ್ದವು, ಎರಡು ಭಾಷೆಯವರಿಗಾಗಿ. ಟಿವಿ ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಇಸಿಐಎಲ್. ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದದ್ದು ದಿಲ್ಲಿ, ಕಟಕ್, ಹೈದರಾಬಾದುಗಳಲ್ಲಿ. ತೆಲುಗಿನ ಜೊತೆ ಕನ್ನಡದವು ತಯಾರಾದದ್ದು ಹೈದರಾಬಾದಿನಲ್ಲಿ. ಅಂದರೆ ಕನ್ನಡ ಹಳ್ಳಿಗಳು ಕಂಡ ಮೊದಲ ಕನ್ನಡ ಟಿವಿ ಹುಟ್ಟಿದ್ದು ನಾನಿರುವ ಈ ಊರಿನಲ್ಲೇ.

ಅವ್ವನಿಗೆ ಆಗ ಹದಿನಾರು ವರ್ಷ. ಬೀಜೋಪಚಾರದ ಒಂದು ಚಿತ್ರ, ಗೊಂಬೆಯಾಟದ ಒಂದು ಚಿತ್ರ ಅವಳಿಗೆ ಇನ್ನೂ ನೆನಪಿದೆ. "ವರ್ಷ ತುಂಬಿದ ಮ್ಯಾಲ ಒಂದಿನ ಬಂದ್ ಆತು. ಮುಗಿಲಾಗಿಂದ ಕಿತ್ಕೊಂಡು ಹೋದ್ರಂತ ಅಂದ್ರು," ಎನ್ನುತ್ತಾಳೆ. ಅಂದದ್ದು ನಿಜವೇ. ಎಟಿಎಸ್-6ನ್ನು ಅದರ ಜಾಗದಿಂದ ಸರಿಸಿಕೊಂಡು ಹೋದರು. ಒಂದು ವರ್ಷ ದಿನಾಲೂ ಕಂಡದ್ದರಲ್ಲಿ ಒಂದು ನಿಮಿಷವನ್ನೂ ಆ ಹಳ್ಳಿ ತನ್ನ ಹತ್ತಿರ ಇಟ್ಟುಕೊಳ್ಳುವ ದಾರಿ ಇರಲಿಲ್ಲ.

ಇಸಿಐಎಲ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1967ರಲ್ಲಿ ಎ.ಎಸ್. ರಾವ್ ಅವರ ಮುಂದಾಳತ್ವದಲ್ಲಿ ಶುರುವಾದ ಈ ಕಾರ್ಖಾನೆಯಿಂದ 1969ರಲ್ಲಿ ಟಿಡಿಸಿ-12 ಎಂಬ ಕಂಪ್ಯೂಟರು ಹೊರಬಂತು. ಮುಂದೆ ‘ಇಸಿ ಟಿವಿ’ ಮನೆಮನೆಯ ಹೆಸರಾಯಿತು. ಕಂಪ್ಯೂಟರು ಮತ್ತು ಟಿವಿ ಒಂದೇ ಅಂಗಳದಲ್ಲಿ ತಯಾರಾದ ಊರು ಇದು. ಅವೆರಡನ್ನೂ ಒಂದೇ ಡಬ್ಬಿಯೊಳಗೆ ಕೂರಿಸುವ ಕೆಲಸಕ್ಕೆ ನಾನು ಕೈ ಹಾಕಿದ್ದು 2006ರಲ್ಲಿ.

ಒಂದೊಂದೇ ಅಂಕಿ ಹಾಕಿ ನೋಡುತ್ತ

ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಇದೆ. ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಸಿಟಿಸಿ ಎನ್ನುತ್ತಾರೆ. ಕಂಪ್ಯೂಟರಿನ ಬಿಡಿ ಭಾಗ ಬೇಕಾದವರು ಅಲ್ಲಿಗೇ ಹೋಗಬೇಕು. ಟಿವಿ, ಕೇಬಲ್, ಡಿಷ್‌ಗೆ ಸೇರಿದ್ದೆಲ್ಲ ಕೋಠಿಯ ಗುಜರಾತಿ ಗಲ್ಲಿಯಲ್ಲಿ. ಎರಡು ಸಂತೆಗಳ ನಡುವೆ ಬಸ್ಸಿನಲ್ಲಿ ಓಡಾಡಿ ಓಡಾಡಿ ನನ್ನ ಪೆಟ್ಟಿಗೆ ತಯಾರಾಯಿತು.

ಮೊದಲ ಕಾರ್ಡು ತೀರಾ ಅಗ್ಗದ್ದು, ಡಬ್ಬಿಯ ಮೇಲೆ ತಯಾರಕರ ಹೆಸರೂ ನೆಟ್ಟಗಿರಲಿಲ್ಲ. ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವರು, "ಲಿನಕ್ಸ್ ಕಾ ಗ್ಯಾರಂಟಿ ನೈ ದೇತೂಂ ಭಾಯ್, ವಾಪಸ್ ನಕ್ಕೋ ಲಾನಾ," ಎಂದರು. ಅವರ ಮಾತು ನ್ಯಾಯವಾದದ್ದೇ. ಡಬ್ಬಿಯಲ್ಲಿ ಬಂದ ಸಿ.ಡಿ. ವಿಂಡೋಸಿಗೆ ಮಾತ್ರ. ಕಾರ್ಡಿನ ಮೇಲಿನ ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ: ಫಿಲಿಪ್ಸ್ ಎಸ್‌ಎಎ 7134. ಆ ಅಂಕಿ ಕಂಡಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ, ಯಾಕೆಂದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಕಾರ್ಡಿನ ಹೆಸರಿಗಿಂತ ಅದರ ಚಿಪ್ಪನ್ನು ಗುರುತಿಸುತ್ತದೆ. ಆ ಕಾಲಕ್ಕೆ ಎರಡು ಮನೆತನದ ಚಿಪ್ಪುಗಳು ಸಂತೆ ತುಂಬ ಇದ್ದವು. ಒಂದು ಬ್ರೂಕ್‌ಟ್ರೀ ಕಂಪನಿಯ ಬಿಟಿ 878, ಇನ್ನೊಂದು ಫಿಲಿಪ್ಸ್‌ನದು. ಎರಡಕ್ಕೂ ಡ್ರೈವರ್ ಬರೆದು ಬೆಳೆಸಿದವರಲ್ಲಿ ಮುಖ್ಯರು ಜರ್ಮನಿಯ ಗೆರ್ಡ್ ಕ್ನೋರ್. ನಮ್ಮ ಕಾಚಿಗುಡದ ಪಡಸಾಲೆಯಲ್ಲಿ ಕನ್ನಡ ವಾರ್ತೆ ಕಂಡದ್ದರ ಹಿಂದೆ ಅಂಥವರ ದುಡಿಮೆ ಇದೆ ಎಂಬುದನ್ನು ನಾನು ಅವ್ವನಿಗೆ ಹಲವು ಸಲ ಹೇಳಿದ್ದೇನೆ.

ಚಿಪ್ ಗೊತ್ತಾದರೂ ಕೆಲಸ ಮುಗಿಯಲಿಲ್ಲ. ಒಳ್ಳೆಯ ಕಾರ್ಡಿನಲ್ಲಿ ಅದರ ಗುರುತನ್ನು ಬರೆದಿಟ್ಟ ಪುಟ್ಟದೊಂದು ಮೆಮೊರಿ ಇರುತ್ತದೆ. ಅಗ್ಗದ ಕಾರ್ಡಿನಲ್ಲಿ ಅದನ್ನು ಉಳಿಸಿರುತ್ತಾರೆ. ಆಗ ಕರ್ನೆಲ್ ‘ಗುರುತಿಲ್ಲದ ಕಾರ್ಡು’ ಎಂದು ಸೊನ್ನೆ ಅಂಕಿ ಕೊಟ್ಟು ಸುಮ್ಮನಾಗುತ್ತದೆ. ಚಿತ್ರದ ದಾರಿ ಯಾವುದು, ಧ್ವನಿಯ ದಾರಿ ಯಾವುದು ಅದಕ್ಕೆ ತಿಳಿಯದು. ಕರ್ನೆಲ್ ಜೊತೆ ಬರುವ ಕಾರ್ಡುಗಳ ಪಟ್ಟಿಯಿಂದ ಒಂದೊಂದೇ ಅಂಕಿಯನ್ನು ಎತ್ತಿ, ಡ್ರೈವರನ್ನು ಇಳಿಸಿ ಮತ್ತೆ ಏರಿಸಿ, ಚಿತ್ರ ಬಂತೇ ನೋಡು, ಧ್ವನಿ ಬಂತೇ ಕೇಳು. ಮೂರು ರಾತ್ರಿ ಹೀಗೆ ಕಳೆದವು. ಟ್ಯೂನರಿಗೆ ಬೇರೆಯದೇ ಅಂಕಿ: ನಮ್ಮ ದೇಶದ್ದು ಪಾಲ್-ಬಿ ಪದ್ಧತಿಯಾದ್ದರಿಂದ 5 ಹಾಕಿದಾಗ ಪರದೆಯ ಮೇಲಿನ ಹಿಮ ಸರಿದು ಮುಖಗಳು ಮೂಡಿದವು. ಧ್ವನಿ ಮಾತ್ರ ಇಲ್ಲ. ನಾಲ್ಕನೆಯ ದಿನ ಗೊತ್ತಾಯಿತು, ಟಿವಿ ಕಾರ್ಡಿನಿಂದ ಸೌಂಡ್ ಕಾರ್ಡಿಗೆ ಗೇಣುದ್ದದ ವೈರೊಂದನ್ನು ಹಾಕಬೇಕು. ಗುಜರಾತಿ ಗಲ್ಲಿಗೆ ಓಡಿದೆ.

ಅಂಥ ಕಾರ್ಡಿನ ದೊಡ್ಡ ಮಿತಿ ರೆಕಾರ್ಡಿಂಗ್. ಪಾಲ್ ಚಿತ್ರ ಎಂದರೆ 720 ಅಡ್ಡ, 576 ಉದ್ದ, ಸೆಕೆಂಡಿಗೆ 25 ಚೌಕಟ್ಟು. ಕುಗ್ಗಿಸದೆ ಬರೆದರೆ ಸೆಕೆಂಡಿಗೆ 20 ಎಂಬಿಗೂ ಮಿಕ್ಕಿ ಡಿಸ್ಕಿಗೆ ಸುರಿಯುತ್ತದೆ, ಗಂಟೆಗೆ ಸುಮಾರು 75 ಜಿಬಿ. ನನ್ನ ಇಡೀ ಡಿಸ್ಕು ಇದ್ದದ್ದೇ 80 ಜಿಬಿ. ಕುಗ್ಗಿಸುವ ಕೆಲಸವನ್ನು ಪ್ರೊಸೆಸರಿಗೆ ಹೇರಿದರೆ ಅದು ಬೆವರುತ್ತಿತ್ತು, ಫ್ಯಾನು ಕಿರುಚುತ್ತಿತ್ತು, ಮೇ ತಿಂಗಳ ಹೈದರಾಬಾದಿನಲ್ಲಿ ಪೆಟ್ಟಿಗೆ ತಾನೇ ಬಂದ್ ಆಗುತ್ತಿತ್ತು.

2007ರಲ್ಲಿ ಅಮೆರಿಕದಿಂದ ಬಂದ ಸೋದರಮಾವನ ಮಗ ಹಾಪಾಗ್ ಪಿವಿಆರ್-150 ತಂದುಕೊಟ್ಟ. ಹೇಳಿ ತರಿಸಿದ್ದು. ಕುಗ್ಗಿಸುವ ಚಿಪ್ ಆ ಕಾರ್ಡಿನ ಮೇಲೆಯೇ ಇತ್ತು. ಚಿತ್ರ ಎಂಪೆಗ್-2 ಆಗಿಯೇ ಹೊರಬರುತ್ತಿತ್ತು, ಪ್ರೊಸೆಸರ್ ಕೈಕಟ್ಟಿ ಕೂರಬಹುದಿತ್ತು, ಗಂಟೆಗೆ 2 ಜಿಬಿ ಸಾಕಿತ್ತು. ಅದೇ ವರ್ಷ ಅದರ ಡ್ರೈವರ್ ಆದ ಐವಿಟಿವಿ, ಕರ್ನೆಲ್ 2.6.22ರಲ್ಲಿ ಸೇರಿಹೋಯಿತು, ಮೊದಲಿನಂತೆ ಬೇರೆಯಾಗಿ ಕಟ್ಟಿ ಕೂರಿಸುವ ಪಾಡು ತಪ್ಪಿತು. ನಾನು ಕಂಪ್ಯೂಟರಿನ ಭಾಗವೊಂದನ್ನು ಕಣ್ಣಿಗೊತ್ತಿಕೊಂಡದ್ದು ಅದೊಂದೇ ಸಲ.

ಎದ್ದು ಮಲಗುವ ವಿದ್ಯೆ

ಕಾರ್ಡು ಎಂದರೆ ಕಿವಿ, ಕಣ್ಣು. ಬುದ್ಧಿಯಾಗಿ ನಾನು ಆರಿಸಿಕೊಂಡದ್ದು ಮಿಥ್‌ಟಿವಿ. ಐಸಾಕ್ ರಿಚರ್ಡ್ಸ್ ಎಂಬ ಅಮೆರಿಕದ ಯುವಕ ತನ್ನ ಮನೆಗೆ ಕೇಬಲ್ ಕಂಪನಿ ಕೊಟ್ಟ ಪೆಟ್ಟಿಗೆ ಹಿಡಿಸದೆ 2002ರಲ್ಲಿ ಬರೆಯಲು ಶುರುಮಾಡಿದ ತಂತ್ರಾಂಶ ಇದು. ಅದಕ್ಕೂ ಮುಂಚೆ 1999ರಲ್ಲೇ ಬಂದ ಟಿವೊ ಎಂಬ ಮಾರುಕಟ್ಟೆಯ ರೆಕಾರ್ಡರಿನ ಒಳಗೂ ಲಿನಕ್ಸ್ ಇತ್ತು. ಜರ್ಮನಿಯ ಕ್ಲಾಸ್ ಶ್ಮಿಡಿಂಗರ್ ವಿಡಿಆರ್ ಎಂಬ ಇಂಥದೇ ತಂತ್ರಾಂಶ ಬರೆದಿದ್ದರು. ಮಿಥ್‌ಟಿವಿಯಲ್ಲಿ ನನಗೆ ಹಿಡಿಸಿದ್ದು ಅದರ ಎರಡು ಭಾಗ. ಹಿಂದಿನದು ರೆಕಾರ್ಡ್ ಮಾಡುತ್ತದೆ, ಮುಂದಿನದು ತೋರಿಸುತ್ತದೆ. ಒಂದು ಪಡಸಾಲೆಯಲ್ಲಿ, ಇನ್ನೊಂದು ಒಳಕೋಣೆಯಲ್ಲಿ ಇದ್ದರೂ ಆದೀತು. ಪಡಸಾಲೆಯಲ್ಲಿ ಕೂಗಿದರೆ ಅಡುಗೆಮನೆಯಿಂದ ಚಹಾ ಬಂದಂತೆ.

ಇಡೀ ದಿನ ಪೆಟ್ಟಿಗೆ ಹಚ್ಚಿಟ್ಟರೆ ಕರೆಂಟಿನ ಬಿಲ್ಲು, ಅವ್ವನ ಮಂಚದ ಪಕ್ಕ ಸದ್ದು. ಮದರ್‌ಬೋರ್ಡಿನ ಮೇಲೆ ಗುಂಡಿಯಾಕಾರದ ಬ್ಯಾಟರಿಯಲ್ಲಿ ನಡೆಯುವ ಗಡಿಯಾರ ಇರುತ್ತದಲ್ಲ, ಅದಕ್ಕೆ ಅಲಾರಂ ಇಡಬಹುದು. ಮುಂದಿನ ರೆಕಾರ್ಡಿಂಗ್‌ಗೆ ಐದು ನಿಮಿಷ ಮೊದಲಿನ ಹೊತ್ತನ್ನು ಅಲ್ಲಿ ಬರೆದು ಪೆಟ್ಟಿಗೆ ಮಲಗಿದರೆ, ಆ ಹೊತ್ತಿಗೆ ತಾನೇ ಏಳುತ್ತದೆ. ಬರೆದೆ. ಮೊದಲ ದಿನ ಮನೆಯವರೆಲ್ಲ 9:25ಕ್ಕೆ ಸುತ್ತ ಕೂತೆವು. ಏಳಲಿಲ್ಲ. ಮರುದಿನ ಮಧ್ಯಾಹ್ನ ಅವ್ವನ ಫೋನು ಬಂತು: "ಏನೋ, ನಿನ್ನ ಡಬ್ಬಿ ನಾಕು ಗಂಟೇಕs ಎದ್ದು ಕುಂತದಲ್ಲೋ!"

ನಾಲ್ಕು ಗಂಟೆ ಎಂಬ ಮಾತೇ ಸುಳಿವಾಯಿತು. ರಾತ್ರಿ ಒಂಬತ್ತೂವರೆಯಿಂದ ಐದೂವರೆ ಗಂಟೆ ಕಳೆದರೆ ನಾಲ್ಕು. ಅಲಾರಂ ಗ್ರೀನಿಚ್‌ನ ಹೊತ್ತಿಗೆ ಬರೆದಿತ್ತು, ಗಡಿಯಾರ ನಮ್ಮ ಹೊತ್ತಿನಲ್ಲಿ ನಡೆಯುತ್ತಿತ್ತು. ಗಡಿಯಾರವನ್ನೂ ಗ್ರೀನಿಚ್‌ಗೆ ತಿರುಗಿಸಿದ ರಾತ್ರಿ 9:25ಕ್ಕೆ ಫ್ಯಾನು ತಿರುಗಿತು. "ತಾನs ಏಳತದ, ತಾನs ಮಲಕೋತದ," ಎಂದು ಅವ್ವ ನೆರೆಮನೆಯ ಅತ್ತೆಯನ್ನು ಕರೆದು ತೋರಿಸಿದಳು.

ಆ ದಿನಗಳಲ್ಲಿ ಕೇಬಲ್‌ನಲ್ಲಿ ಚಂದನ ಬರುತ್ತಿದ್ದದ್ದು ನಮ್ಮ ಗಲ್ಲಿಯ ಏಳೆಂಟು ಕನ್ನಡ ಮನೆಯವರು ಕೂಡಿಕೊಂಡು ಕೇಳಿಕೊಂಡ ಮೇಲೆ. ಬಂದರೂ ಅದಕ್ಕೊಂದು ಗಟ್ಟಿ ಜಾಗ ಇರಲಿಲ್ಲ. ಹೇಳದೆ ಕೇಳದೆ ಬೇರೆ ನಂಬರಿಗೆ ಸರಿಸುತ್ತಿದ್ದರು. ರಾತ್ರಿ ರೆಕಾರ್ಡ್ ಆದದ್ದನ್ನು ಬೆಳಿಗ್ಗೆ ಹಚ್ಚಿದರೆ ಅಲ್ಲಿ ಯಾವುದೋ ತೆಲುಗು ವಾಹಿನಿಯ ಅಡುಗೆ. ಅವ್ವ ಅದನ್ನೂ ಪೂರ್ತಿ ನೋಡಿ ಗೋಂಗೂರ ಪಚ್ಚಡಿ ಕಲಿತಳು. ಆದರೆ ಆ ರಾತ್ರಿಯ ಪ್ರಶ್ನೆಗಳು ಹೋದವು ಎಂದರೆ ಹೋದವೇ.

ಪರದೆ ಕಪ್ಪಾದ ದಿನ

ಕೇಬಲ್ ಡಿಜಿಟಲ್ ಆಗಬೇಕೆಂಬ ಕಾಯ್ದೆಯ ಎರಡನೇ ಹಂತದ ಊರುಗಳಲ್ಲಿ ಹೈದರಾಬಾದೂ ಇತ್ತು, ಬೆಂಗಳೂರು, ಮೈಸೂರುಗಳೂ ಇದ್ದವು. ಗಡುವು 2013ರ ಮಾರ್ಚ್ 31. ಸ್ವಲ್ಪ ಹಿಂದೆ ಮುಂದೆ ಆಗಿ ನಮ್ಮ ಗಲ್ಲಿಯಲ್ಲೂ ಹಳೆಯ ಸಿಗ್ನಲ್ ನಿಂತಿತು. ಟಿವಿ ಕಾರ್ಡು ಇಟ್ಟುಕೊಂಡವರಿಗೆ ಇದು ಬರಿಯ ತಾಂತ್ರಿಕ ಬದಲಾವಣೆ ಆಗಿರಲಿಲ್ಲ. ಮೊದಲು ವೈರಿನಲ್ಲಿ ಬರುತ್ತಿದ್ದ ಅಷ್ಟೂ ವಾಹಿನಿಗಳನ್ನು ಯಾವ ಟ್ಯೂನರ್ ಬೇಕಾದರೂ ಹಿಡಿಯಬಹುದಿತ್ತು. ಈಗ ಅದೇ ವೈರಿನಲ್ಲಿ ಬರುವುದಕ್ಕೆ ಬೀಗ, ಕೀಲಿ ಕೇಬಲ್‌ನವರ ಸೆಟ್‌ಟಾಪ್ ಬಾಕ್ಸಿನೊಳಗಿನ ಕಾರ್ಡಿನಲ್ಲಿ. ಸೆಟ್‌ಟಾಪ್ ಬಾಕ್ಸಿನ ಹಿಂದೆ ಪಿವಿಆರ್-150ನ್ನು ಕಟ್ಟಬಹುದು. ನಾನೂ ಕೆಲವು ವಾರ ಕಟ್ಟಿದೆ. ಆದರೆ ವಾಹಿನಿ ಬದಲಿಸುವುದು ಆ ಬಾಕ್ಸಿನ ಕೈಯಲ್ಲಿ, ಕಂಪ್ಯೂಟರಿನ ಕೈಯಲ್ಲಲ್ಲ. ಕರೆಂಟು ಹೋಗಿ ಬಂದರೆ ಬಾಕ್ಸು ತನ್ನ ಜಾಹೀರಾತಿನ ವಾಹಿನಿಯಲ್ಲಿ ಹೋಗಿ ಕೂರುತ್ತಿತ್ತು, ನಮ್ಮ ಪೆಟ್ಟಿಗೆ ಅರ್ಧ ಗಂಟೆ ಜಾಹೀರಾತನ್ನು ಶ್ರದ್ಧೆಯಿಂದ ಬರೆದಿಡುತ್ತಿತ್ತು.

ಏಳು ವರ್ಷದ ಕೆಲಸ ಮುಗಿಯಿತು ಅಂದುಕೊಂಡು ಒಂದು ತಿಂಗಳು ಪೆಟ್ಟಿಗೆಗೆ ಬಟ್ಟೆ ಹೊದಿಸಿಟ್ಟೆ. ಬೀಗವಿಲ್ಲದ ಬಾಗಿಲೊಂದು ನೆತ್ತಿಯ ಮೇಲೆಯೇ ತೆರೆದಿತ್ತು ಎಂಬುದು ಹೊಳೆದದ್ದು ರಾಯಚೂರಿಗೆ ಹೋದಾಗ. ಊರಲ್ಲಿ ಮನೆಮನೆಯ ಮೇಲೆ ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಡಿಷ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು 33 ವಾಹಿನಿಗಳೊಡನೆ ಶುರುವಾಗಿ, ಮುಂದೆ ಡಿಡಿ ಫ್ರೀ ಡಿಷ್ ಎಂದು ಹೆಸರಾದದ್ದು. ಅದರಲ್ಲಿ ಚಂದನ ಇದೆ. ರಾಯಚೂರಿನ ಮಾಳಿಗೆಗೆ ಬೀಳುವುದು ಕಾಚಿಗುಡದ ಮಾಳಿಗೆಗೂ ಬೀಳುತ್ತದೆ, ಗಡಿ ನೋಡಿ ಬೀಳುವುದಿಲ್ಲ.

138 ಡಿಗ್ರಿ, 63 ಡಿಗ್ರಿ

ಈ ಸಲ ಬೇಕಾದದ್ದು ಉಪಗ್ರಹದ ಡಿಜಿಟಲ್ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್ ಕಾರ್ಡು. ಡಿಷ್ ಮತ್ತು ಅದರ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಗುಜರಾತಿ ಗಲ್ಲಿಯಲ್ಲೇ ಕೈಗೆ ಸಿಕ್ಕವು. ಕಾರ್ಡನ್ನು ಹೊರಗಿನಿಂದ ತರಿಸಬೇಕಾಯಿತು: ಟೆವಿ ಎಸ್470. ಕೊಳ್ಳುವ ಮೊದಲೇ ಅದರ ಚಿಪ್ಪುಗಳ ಹೆಸರು ಹುಡುಕಿ, ಕರ್ನೆಲ್ಲಿನಲ್ಲಿ ಡ್ರೈವರ್ ಇದೆಯೆಂದು ನೋಡಿಕೊಂಡೇ ಹಣ ಕೊಟ್ಟೆ. ಮೂರು ರಾತ್ರಿಗಳ ಪಾಠ ಮರೆತಿರಲಿಲ್ಲ. ಅದಕ್ಕೊಂದು ಫರ್ಮ್‌ವೇರ್ ಫೈಲು ಬೇಕು. ಅದನ್ನು ಅದರ ಜಾಗದಲ್ಲಿ ಇಡದಿದ್ದರೆ ಕಾರ್ಡು ಕಾಣಿಸುತ್ತದೆ, ಕೆಲಸ ಮಾಡುವುದಿಲ್ಲ.

ಉಪಗ್ರಹ ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಭೂಮಧ್ಯರೇಖೆಯ ಮೇಲೆ. ಹೈದರಾಬಾದಿನಿಂದ ನೋಡಿದರೆ ಉತ್ತರದಿಂದ ಪ್ರದಕ್ಷಿಣೆಯಾಗಿ ಸುಮಾರು 138 ಡಿಗ್ರಿ, ಅಂದರೆ ನಡು ಆಗ್ನೇಯ ದಿಕ್ಕು. ನೆಲದಿಂದ ಮೇಲಕ್ಕೆ 63 ಡಿಗ್ರಿ. ಬೆಂಗಳೂರಿನವರು ಡಿಷ್ಷನ್ನು ಇನ್ನಷ್ಟು ಪೂರ್ವಕ್ಕೆ ಹೊರಳಿಸಿ, ಸುಮಾರು 128ಕ್ಕೆ, 66 ಡಿಗ್ರಿ ಎತ್ತರಕ್ಕೆ ನೋಡಬೇಕು. ಆಗ್ನೇಯಕ್ಕೆ ನಮ್ಮ ಪಕ್ಕದ ಮನೆಯ ನೀರಿನ ಟಾಕಿ ಇತ್ತು. ಅಷ್ಟು ಮೇಲಕ್ಕೆ ನೋಡುವುದರಿಂದ ಟಾಕಿ ಅಡ್ಡ ಬರಲಿಲ್ಲ.

ಕೆಳಗೆ ಪಡಸಾಲೆಯಲ್ಲಿ ತಂಗಿ ಕಂಪ್ಯೂಟರಿನ ಮುಂದೆ, ಮೇಲೆ ಮಾಳಿಗೆಯಲ್ಲಿ ನಾನು ಸ್ಪ್ಯಾನರ್ ಹಿಡಿದು. ಫೆಮನ್ ಎಂಬ ಸಣ್ಣ ಪ್ರೋಗ್ರಾಂ ಸೆಕೆಂಡಿಗೊಮ್ಮೆ ಒಂದು ಸಾಲು ಬರೆಯುತ್ತದೆ: ಸಿಗ್ನಲ್ ಎಷ್ಟು, ಗದ್ದಲ ಎಷ್ಟು, ಲಾಕ್ ಆಗಿದೆಯೇ. ಕಾರ್ಡು ಅದೇ ವೈರಿನಲ್ಲಿ ಮೇಲಿನ ಎಲ್‌ಎನ್‌ಬಿಗೆ ಕರೆಂಟನ್ನೂ ಕಳಿಸುತ್ತದೆ. 13 ವೋಲ್ಟ್ ಕಳಿಸಿದರೆ ನಿಂತ ಅಲೆ, 18 ಕಳಿಸಿದರೆ ಅಡ್ಡ ಅಲೆ. ಬೆರಳಗಲ ಸರಿಸು, ತಡೆ, ಇನ್ನೊಂದಿಷ್ಟು. "ಅಣ್ಣಾ, ಲಾಕ್ ಅಂತ ಬಂತು!" ಎಂದು ಅವಳು ಕೂಗಿದ್ದು ಮೂರು ಮನೆಗೆ ಕೇಳಿಸಿತು. ಸ್ಕ್ಯಾನ್ ಮಾಡಿದಾಗ ಸಾಲುಸಾಲಾಗಿ ಇಳಿದ ಹೆಸರುಗಳ ನಡುವೆ ಡಿಡಿ ಚಂದನ ಕಂಡಿತು.

ಡಿಜಿಟಲ್ ಉಪಗ್ರಹದ ಚಿತ್ರವನ್ನು ರೆಕಾರ್ಡ್ ಮಾಡುವುದು ಎಷ್ಟು ಸರಳ ಎಂಬುದು ನನಗೆ ಆಗ ತಿಳಿಯಿತು. ಮೇಲಿಂದ ಬರುವುದೇ 188 ಬೈಟಿನ ಪುಟ್ಟ ಪೊಟ್ಟಣಗಳಾಗಿ. ಹಲವು ವಾಹಿನಿಗಳ ಪೊಟ್ಟಣಗಳು ಕಲಸಿಕೊಂಡು ಒಂದೇ ಹೊಳೆಯಾಗಿ ಬರುತ್ತವೆ, ಪ್ರತಿಯೊಂದರ ಮೇಲೂ ಅದು ಯಾರದೆಂಬ ಅಂಕಿ ಇರುತ್ತದೆ. ಚಂದನದ ಚಿತ್ರದ ಅಂಕಿ, ಧ್ವನಿಯ ಅಂಕಿ ಇರುವ ಪೊಟ್ಟಣಗಳನ್ನಷ್ಟೇ ಆರಿಸಿ ಡಿಸ್ಕಿಗೆ ಬರೆದರೆ ರೆಕಾರ್ಡಿಂಗ್ ಆಯಿತು. ಕುಗ್ಗಿಸುವ ಕೆಲಸ ಕಳಿಸುವ ಕಡೆಯಲ್ಲೇ ಮುಗಿದಿರುತ್ತದೆ. ಉಪಗ್ರಹದಿಂದ ಇಳಿದದ್ದು ಹೇಗಿತ್ತೋ ಹಾಗೆಯೇ, ಒಂದು ಚುಕ್ಕೆ ಕೆಡದೆ, ಅರ್ಧ ಗಂಟೆಗೆ 700 ಎಂಬಿಯಷ್ಟು. ಹತ್ತು ವರ್ಷದ ಹಳೆಯ ಪ್ರೊಸೆಸರ್ ಇದ್ದರೂ ಸಾಕು. ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸಿದ 1975ರ ಉಪಾಯವೇ ಈ ಪೊಟ್ಟಣಗಳಲ್ಲಿ ಬೆಳೆದು ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಇಂದು ಒಂದೇ ವಾಹಿನಿಯೊಳಗೆ ಎಷ್ಟು ಭಾಷೆಯ ಧ್ವನಿಯನ್ನಾದರೂ ಕಟ್ಟಿ ಕಳಿಸಬಹುದು.

2015ರ ನವೆಂಬರಿನಲ್ಲಿ ಜಿಸ್ಯಾಟ್-15 ಹಾರಿ, ಮುಂದೆ ಫ್ರೀ ಡಿಷ್ ಅದಕ್ಕೆ ವರ್ಗವಾಯಿತು. ಮೊದಲಿನ ಉಪಗ್ರಹ ಇನ್‌ಸ್ಯಾಟ್-4ಬಿ ಇದ್ದ ಅದೇ 93.5 ಡಿಗ್ರಿ, ಡಿಷ್ ಮುಟ್ಟಬೇಕಾಗಲಿಲ್ಲ, ಸ್ಕ್ಯಾನ್ ಮಾತ್ರ ಮತ್ತೆ ಮಾಡಿದೆ. ಜೋರು ಮಳೆಯಲ್ಲಿ ಚಿತ್ರ ಚೂರಾಗುವುದು ಉಂಟು. ಅದಕ್ಕೆ ಮದ್ದಿಲ್ಲ, ಡಿಷ್ ಸ್ವಲ್ಪ ದೊಡ್ಡದಾದಷ್ಟು ಒಳ್ಳೆಯದು.

ಇಂದು ಕಟ್ಟುವವರಿಗೆ

ಈಗ ಮಾಡಲು ಹೊರಟವರಿಗೆ ನನ್ನ ದಾರಿಯನ್ನು ಪೂರ್ತಿ ತುಳಿಯಿರಿ ಅನ್ನಲಾರೆ. ಅನಲಾಗ್ ಕಾರ್ಡನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಹಿಡಿಯಲು ಆಕಾಶದಲ್ಲೂ ವೈರಿನಲ್ಲೂ ಹೆಚ್ಚೇನೂ ಉಳಿದಿಲ್ಲ. ಡಿವಿಬಿ-ಎಸ್2 ಕಾರ್ಡು ಅಥವಾ ಯುಎಸ್‌ಬಿಯ ಟ್ಯೂನರ್ ತೆಗೆದುಕೊಳ್ಳಿ, ಚಿಪ್ಪಿನ ಹೆಸರು ನೋಡಿ ತೆಗೆದುಕೊಳ್ಳಿ. ಹಣದ ಮೊದಲ ಪಾಲು ಡಿಸ್ಕಿಗೆ, ಎರಡನೆಯದು ಸದ್ದಿಲ್ಲದ ಫ್ಯಾನಿಗೆ. ಪ್ರೊಸೆಸರಿಗೆ ಖರ್ಚು ಮಾಡಬೇಡಿ. ಸಣ್ಣ ಇನ್ವರ್ಟರ್ ಅಥವಾ ಯುಪಿಎಸ್ ಇಲ್ಲದೆ ಈ ಪೆಟ್ಟಿಗೆ ನಂಬಿಕೆಗೆ ಬರುವುದಿಲ್ಲ.

ತಂತ್ರಾಂಶದಲ್ಲಿ ಇತ್ತೀಚೆಗೆ ಹೆಚ್ಚಿನವರು ಹಿಂದುಗಡೆಗೆ ಟಿವಿಹೆಡೆಂಡ್, ಮುಂದುಗಡೆಗೆ ಕೋಡಿ ಹಾಕುತ್ತಾರೆ. ಟಿವಿಹೆಡೆಂಡ್ ಬಹಳ ಅಚ್ಚುಕಟ್ಟು. ಬ್ರೌಸರಿನಲ್ಲಿ 9981ನೇ ಪೋರ್ಟ್ ತೆರೆದರೆ ಎಲ್ಲವೂ ಅಲ್ಲೇ. ಕೋಡಿ ನೋಡಲು ಚೆಂದ. 2014ರವರೆಗೆ ಎಕ್ಸ್‌ಬಿಎಂಸಿ ಎನ್ನುತ್ತಿದ್ದದ್ದು ಇದನ್ನೇ. ಆದರೆ ನಾನು ಕೋಡಿ ಹಾಕಿದ ದಿನ ಅವ್ವ ಪರದೆ ನೋಡಿ, "ಅಕ್ಷರ ಎಲ್ಲಾ ಮುರದ್ ಬಿದ್ದಾವಲ್ಲೋ," ಎಂದಳು. ಒತ್ತಕ್ಷರಗಳು ಬಿಡಿಬಿಡಿಯಾಗಿ, ಗುಣಿತದ ಕೊಂಬುಗಳು ಬೇರೆ ಕಡೆಗೆ. ನಾನು ಹಾಕಿದ ಆ ಆವೃತ್ತಿಗೆ ಕನ್ನಡದ ಅಕ್ಷರ ಜೋಡಿಸುವ ವಿದ್ಯೆ ಬರುತ್ತಿರಲಿಲ್ಲ. ಮಿಥ್‌ಟಿವಿ ಕ್ಯೂಟಿ ಎಂಬ ಚೌಕಟ್ಟಿನ ಮೇಲೆ ನಿಂತದ್ದರಿಂದ ಅದರಲ್ಲಿ ಒತ್ತು, ದೀರ್ಘ ಎಲ್ಲ ನೆಟ್ಟಗೆ ಮೂಡುತ್ತಿದ್ದವು. ಅದೊಂದೇ ಕಾರಣಕ್ಕೆ ಹಲವು ವರ್ಷ ಮಿಥ್‌ಟಿವಿಯಲ್ಲೇ ಉಳಿದೆ. ಚೆಂದದ ಪರದೆಗಿಂತ ಓದಲು ಬರುವ ಕನ್ನಡ ನನಗೆ ಮುಖ್ಯ. ಕೇದಗೆ, ಮಲ್ಲಿಗೆ ಎಂಬ ಎರಡು ಅಕ್ಷರಶೈಲಿಗಳು ಆಗ ಉಬುಂಟುವಿನ ಜೊತೆಯಲ್ಲೇ ಸಿಗುತ್ತಿದ್ದವು; ಅವ್ವನ ಕಾರ್ಯಕ್ರಮಗಳ ಪಟ್ಟಿಯನ್ನು ಮಲ್ಲಿಗೆಯಲ್ಲಿ ಇಟ್ಟಿದ್ದೆ.

ರಿಮೋಟಿನಲ್ಲಿ ಮೂವತ್ತೈದು ಗುಂಡಿಗಳಿದ್ದರೆ ಅವ್ವನಿಗೆ ಬೇಕಾದವು ನಾಲ್ಕು. ಉಳಿದವಕ್ಕೆ ಕೆಲಸವನ್ನೇ ಕೊಟ್ಟಿಲ್ಲ, ಒತ್ತಿದರೂ ಏನೂ ಆಗುವುದಿಲ್ಲ. ಮನೆಯಲ್ಲಿ ಹಿರಿಯರಿಗಾಗಿ ಕಟ್ಟುವವರು ಇದನ್ನು ಮೊದಲ ದಿನವೇ ಮಾಡಬೇಕು.

ಯೂಟ್ಯೂಬಿನಲ್ಲಿ ಚಂದನ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ನಾವೂ ನೋಡುತ್ತೇವೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ವೇವ್ಸ್ ಎಂಬ ಆ್ಯಪನ್ನೂ ತಂದಿದೆ, ಒಳ್ಳೆಯದೇ. ಆದರೆ ಅಲ್ಲಿ ಏನಿರಬೇಕು, ಎಷ್ಟು ದಿನ ಇರಬೇಕು ಎಂದು ಗೊತ್ತುಮಾಡುವವರು ಬೇರೆ. 1976ರ ಜುಲೈ ಮುಗಿದ ಮರುದಿನ ಪಂಚಾಯ್ತಿ ಕಟ್ಟೆಯ ಮೇಲೆ ಕೂತ ಹದಿನೇಳರ ಹುಡುಗಿಯನ್ನು ನೆನೆದಾಗ, ಮಳೆ ಬಂದಾಗ ಮಾಳಿಗೆಯ ಕೆಳಗೆ ಒಂದು ಕೊಡ ಇಟ್ಟಿರುವುದೇ ಲೇಸೆಂದು ನನಗನ್ನಿಸುತ್ತದೆ. ಮನೆಯವರು ನೋಡಲೆಂದು ಹೀಗೆ ರೆಕಾರ್ಡ್ ಮಾಡಿಕೊಳ್ಳಲು 1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಕಲಮಿನಲ್ಲೇ ಅವಕಾಶ ಇದೆ. ಮಾರಬಾರದು, ಹಂಚಬಾರದು. ನಮ್ಮ ಕೊಡ ನಮ್ಮ ಮನೆಗಷ್ಟೇ.

ಹೋದ ತಿಂಗಳು ಪರದೆಯ ಮೂಲೆಯಲ್ಲಿ ಕೆಂಪು ಬಣ್ಣ ಬಂತು, ಡಿಸ್ಕು ನೂರಕ್ಕೆ 96 ಭಾಗ ತುಂಬಿದೆ ಎಂದು. ಅವ್ವನ ಪಕ್ಕ ಕೂತು ಪಟ್ಟಿ ತೆರೆದೆ. ಯಾವುದು ಅಳಿಸಲಿ ಎಂದು ಕೇಳಿದೆ. ರಸಪ್ರಶ್ನೆಯ ಸಾವಿರಕ್ಕೂ ಮಿಕ್ಕ ಕಂತುಗಳು, ‘ಬೆಳಗು’ವಿನಲ್ಲಿ ಬಂದ ಊರುಕೇರಿಯ ಕಲಾವಿದರು, ಭಾವಗೀತೆ, ಜೋಳದ ಬೆಳೆಗೆ ಬಿದ್ದ ಹುಳದ ಬಗ್ಗೆ ಯಾರೋ ಕೃಷಿ ವಿಜ್ಞಾನಿಯ ಮಾತು. ಜೋಳದ್ದನ್ನಾದರೂ ತೆಗೆಯಲೇ ಎಂದರೆ, "ಅದು ನಮ್ಮ ಕಡಿ ಹೊಲ ಅನಸ್ತದ, ಇರ್ಲಿ," ಎಂದಳು. ಭಾವಗೀತೆ? "ಬ್ಯಾಡ." 2014ರ ಹಳೆಯ ಕಂತುಗಳು? ಒಂದನ್ನು ಹಚ್ಚಿ ನೋಡಿದಳು. ಪ್ರಶ್ನೆ ಬರುವ ಮೊದಲೇ ಉತ್ತರ ಹೇಳಿದಳು, ಆಗಲೇ ಮೂರು ಸಲ ನೋಡಿದ್ದಳು.

"ಒಂದೂ ಅಳಸಬ್ಯಾಡೋ."

ಶನಿವಾರ ಸಿಟಿಸಿಗೆ ಹೋಗಿ 4 ಟಿಬಿಯ ಡಿಸ್ಕು ತಂದೆ.